ಅಡಿಕೆ ಸುಲಿಯುವಾಗ ಕೈ ಸೋಲದಂತೆ ನೋಡಿಕೊಳ್ಳುವುದು ಹೇಗೆ?

ಮಲೆನಾಡಿನಲ್ಲಿ ಕೊಯ್ಲು ಶುರುವಾಯಿತೆಂದರೆ, ರಾತ್ರಿ ಊಟ ಮುಗಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರು ಏಳುವುದು ಎಷ್ಟೊತ್ತಿಗೋ. ಸುಲಿದ ಅಡಿಕೆ ಅಳೆಯುವ ಡಬ್ಬದ ಲೆಕ್ಕದಲ್ಲಿ ಕೂಲಿಯಾದರೆ ಕೈ ಓಡುತ್ತಲೇ ಇರಬೇಕು. ನಮ್ಮ ಅತ್ತೆ ಸುಲಿಯುವುದನ್ನು ಎದುರು ಕೂತು ನೋಡಿದ್ದೇನೆ. ಮೊದಲ ಡಬ್ಬದಲ್ಲಿ ಮೊಣಕೈ ಮೈಗೆ ಒತ್ತಿಕೊಂಡು, ಚೊಗರು ಹಿಡಿದು ಕಪ್ಪಾದ ಬೆರಳುಗಳಷ್ಟೇ ಆಡುತ್ತಿದ್ದವು. ಮೂರನೇ ಡಬ್ಬದ ಹೊತ್ತಿಗೆ ಭುಜ ಕಿವಿಯ ಹತ್ತಿರ ಬಂದಿರುತ್ತಿತ್ತು. ಒಂದೊಂದು ಕಾಯಿಗೂ ಇಡೀ ಮೈ ಮುಂದಕ್ಕೆ ತೂಗುತ್ತಿತ್ತು. ಅದು ಅವರ ಗಮನಕ್ಕೇ ಬರುತ್ತಿರಲಿಲ್ಲ. ಕೈ ದಣಿದರೆ ಅದರ ಪಾಲಿನ ಕೆಲಸವನ್ನು ಭುಜ, ಬೆನ್ನು ಸುಮ್ನೆ ಹೊತ್ತುಕೊಂಡುಬಿಡುತ್ತವೆ.

ಯಾಕೆ ಹೀಗೆ? ಸ್ನಾಯು ಗಟ್ಟಿಯಾಗಿ ಬಿಗಿದಾಗ ಅದರೊಳಗಿನ ರಕ್ತನಾಳಗಳೂ ಅದುಮಿಕೊಳ್ಳುತ್ತವೆ. ಸಡಿಲಬಿಟ್ಟಾಗ ರಕ್ತ ಮತ್ತೆ ಸರಾಗವಾಗಿ ಹರಿಯುತ್ತದೆ. ಹಾಗಾಗಿ ಒಂದು ಕಾಯಿಗೂ ಇನ್ನೊಂದಕ್ಕೂ ನಡುವಿನ ಆ ಚೂರು ಬಿಡುವೇ ಕೈಗೆ ಉಸಿರು. ನಿಮಿಷಕ್ಕೆ 10 ಕಾಯಿ ಸುಲಿಯುತ್ತೀರಿ ಅಂದುಕೊಳ್ಳಿ. ಒಂದಕ್ಕೆ 6 ಸೆಕೆಂಡ್. ಅದರಲ್ಲಿ 4 ಸೆಕೆಂಡ್ ಬಿಗಿ, 2 ಸೆಕೆಂಡ್ ಸಡಿಲ. ಈಗ 12 ಕಾಯಿಗೆ ಏರಿಸಿ. ಒಂದಕ್ಕೆ ಸಿಗುವುದು 5 ಸೆಕೆಂಡ್. ಸಿಪ್ಪೆ ಬಿಡಿಸಲು ಆ 4 ಸೆಕೆಂಡ್ ಬೇಕೇ ಬೇಕು, ಉಳಿಯುವುದು ಬರೀ 1. ಜಾಸ್ತಿಯಾದದ್ದು ಎರಡೇ ಕಾಯಿ. ನಿಮಿಷಕ್ಕೆ 20 ಸೆಕೆಂಡ್ ಇದ್ದ ಬಿಡುವು ಮಾತ್ರ 12ಕ್ಕೆ ಇಳಿಯಿತು, ಅಲ್ವಾ?

ಹಾಗಾದರೆ ಏನು ಮಾಡಬೇಕು? ಮೊದಲು ಕತ್ತಿ ಮಸೆದುಕೊಳ್ಳಿ. ಮೊಂಡು ಕತ್ತಿಗೆ ಕಾಯಿಯನ್ನು ಜಾಸ್ತಿ ಒತ್ತಬೇಕಾಗುತ್ತದೆ. ಕೂತ ಮೇಲೆ ಶುರುವಿನಲ್ಲೇ ಓಡಬೇಡಿ, ಮೊದಲ ಹತ್ತು ನಿಮಿಷ ನಿಧಾನವಾಗಿರಲಿ.

ಮುಂದಿನದು ಎಲ್ಲಕ್ಕಿಂತ ಮುಖ್ಯ. ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿದ ತಕ್ಷಣ ಬೆರಳು ಪೂರ್ತಿ ಸಡಿಲ ಬಿಟ್ಟು, ಆಮೇಲೆ ಮುಂದಿನ ಕಾಯಿಗೆ ಕೈ ಹಾಕಿ. ಹಾಗೆ ಬಿಡಲು ಪುರುಸೊತ್ತೇ ಇಲ್ಲ ಅನಿಸಿದರೆ ನಿಮ್ಮ ವೇಗ ಮಿತಿ ಮೀರಿದೆ ಎಂದೇ ಅರ್ಥ.

ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ಸುಸ್ತಾದ ಮೇಲಲ್ಲ, ಸುಸ್ತಾಗುವ ಮೊದಲೇ. ಮೂರು ಗಂಟೆ ಒಂದೇ ಸಮನೆ ದುಡಿದು ಕೊನೆಗೆ ಉದ್ದಕ್ಕೆ ಮಲಗುವುದಕ್ಕಿಂತ ಈ ಚಿಕ್ಕ ಬಿಡುವುಗಳು ಸ್ನಾಯುಗಳಿಗೆ ಹೆಚ್ಚು ಒಳ್ಳೆಯದು. ಸಿಪ್ಪೆ ಹೊತ್ತು ಹಾಕುವುದು, ಕಾಯಿ ತಂದು ಸುರಿಯುವುದು ಇದ್ದೇ ಇರುತ್ತದಲ್ಲ, ಅದನ್ನು ಈ ಬಿಡುವಿಗೇ ಇಟ್ಟುಕೊಳ್ಳಿ. ಕೆಲಸ ಬದಲಾದರೂ ಕೈಗೆ ವಿಶ್ರಾಂತಿಯೇ.

ಎದುರು ಕೂತವರ ಭುಜದ ಮೇಲೂ ಒಂದು ಕಣ್ಣಿರಲಿ. "ಭುಜ ಇಳಿಸೇ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ತನ್ನ ಭುಜ ಏರಿದ್ದು ತನಗೆ ಕಾಣುವುದಿಲ್ಲ.

ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿರಬಹುದು. ಎಣ್ಣೆ ತಿಕ್ಕಿಕೊಂಡು, ಕೊಯ್ಲು ಮುಗಿಯಲಿ ಎಂದು ದಿನ ದೂಡಬೇಡಿ. ಅದೇ ವಾರ ಡಾಕ್ಟರಿಗೆ ತೋರಿಸಿ.