ಕಟ್ಟಿದ ಮೂಗು ತೊಳೆಯುವುದು ಹೇಗೆ?

ನೆಗಡಿ ವೈರಸ್‌ನಿಂದ ಬರುತ್ತದೆ, ಸಾಮಾನ್ಯವಾಗಿ 7ರಿಂದ 10 ದಿನ ಇದ್ದು ತಾನಾಗಿ ಹೋಗುತ್ತದೆ. ಆ್ಯಂಟಿಬಯಾಟಿಕ್ ನುಂಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಸಿಂಬಳ ಹಳದಿಯಾಯ್ತು, ಹಸಿರಾಯ್ತು ಅಂತ ಗಾಬರಿ ಬೇಡ, ನೆಗಡಿ ಬಲಿತಾಗ ಬಣ್ಣ ತಿರುಗುವುದು ಮಾಮೂಲಿ. ಮನೆಯಲ್ಲಿ ನಾವು ಮಾಡಬಹುದಾದದ್ದು ಅಷ್ಟು ದಿನ ಉಸಿರಾಟ, ನಿದ್ದೆ ಸಲೀಸಾಗುವಂತೆ ನೋಡಿಕೊಳ್ಳುವುದು. ಅದಕ್ಕೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದೇ ನನ್ನ ಮೊದಲ ಆಯ್ಕೆ.

ಜನ ಜಾಸ್ತಿ ಕೆಡಿಸುವುದೂ ಇದನ್ನೇ. ನಲ್ಲಿ ನೀರನ್ನು ಅಂಗೈಯಲ್ಲಿ ಹಿಡಿದು ಮೂಗಿಗೆ ಎಳೆದುಕೊಳ್ಳುತ್ತಾರೆ. ಅದು ನೆತ್ತಿಗೆ ಹತ್ತುತ್ತದೆ. ಅಲ್ಲಿಗೆ ಮೂಗು ತೊಳೆಯುವ ಸಹವಾಸವೇ ಸಾಕು ಅನ್ನಿಸಿಬಿಡುತ್ತದೆ.

1. ನೀರು ಕುದಿಸಿ. ಬಿಸಿ ಮಾಡಿದರೆ ಸಾಲದು. ಮಳಮಳ ಕುದಿ ಬಂದ ಮೇಲೆ ಕನಿಷ್ಠ 1 ನಿಮಿಷ ಬಿಡಿ. ಮನೆಯ ಫಿಲ್ಟರ್ ನೀರಾದರೂ ಸರಿ, ಕುದಿಸಲೇಬೇಕು. ಕುಡಿದರೆ ಏನೂ ಮಾಡದ ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನಿಂದ ಮಿದುಳಿಗೆ ಏರಿದರೆ ಬದುಕುವವರು ಕಡಿಮೆ. ತೀರಾ ಅಪರೂಪದ ಕಾಯಿಲೆ ನಿಜ, ಆದರೆ ಒಲೆ ಹಚ್ಚುವುದಕ್ಕೇನು ಸೋಮಾರಿತನ?

2. 250 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಪುಡಿ ಉಪ್ಪು ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡಾ. ಚಮಚ ಗೋಪುರ ಕಟ್ಟಬಾರದು, ಮಟ್ಟಸವಾಗಿರಲಿ. ಕಣ್ಣೀರಿನಷ್ಟು ಉಪ್ಪಿದ್ದರೆ ಸರಿ. ಸಪ್ಪೆ ನೀರು ಉರಿಸುತ್ತದೆ, ಉಪ್ಪು ಮೀರಿದರೂ ಉರಿಸುತ್ತದೆ. ಉಗುರುಬೆಚ್ಚಗಾಗುವವರೆಗೆ ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ.

3. ಈಗ ಭಂಗಿ. ಕಷ್ಟ ಇರುವುದೇ ಇಲ್ಲಿ. ತಲೆಯನ್ನು ಹಿಂದಕ್ಕೆ ಎತ್ತಲೇಬೇಡಿ. ಸಿಂಕಿನ ಮೇಲೆ ಬಗ್ಗಿ ಮುಖವನ್ನು ಪಕ್ಕಕ್ಕೆ ತಿರುಗಿಸಿ. ಒಂದು ಹೊಳ್ಳೆ ಮೇಲೆ, ಇನ್ನೊಂದು ಕೆಳಗೆ. ಹಣೆ, ಗದ್ದ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರಲಿ. ಬಾಯಿ ತೆರೆದು ಬಾಯಿಯಿಂದಲೇ ಉಸಿರಾಡಿ. ನೇತಿ ಪಾತ್ರೆಯ (ಮೂಗು ತೊಳೆಯಲೆಂದೇ ಇರುವ, ಮೂತಿಯಿರುವ ಸಣ್ಣ ಗಿಂಡಿ) ಮೂತಿಯನ್ನು ಮೇಲಿನ ಹೊಳ್ಳೆಗೆ ಸಂದಿಲ್ಲದಂತೆ ಒತ್ತಿ ನಿಧಾನವಾಗಿ ಸುರಿಯಿರಿ. ಮೂಗಿನಿಂದ ಎಳೆದುಕೊಳ್ಳಬೇಡಿ, ಮಾತಾಡಬೇಡಿ, ನುಂಗಬೇಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಕೆಳಗಿನ ಹೊಳ್ಳೆಯಿಂದ ತೊಟ್ಟು ತೊಟ್ಟು, ಅದರ ಹಿಂದೆಯೇ ಸಣ್ಣ ಧಾರೆ, ಅಂಟಂಟು ಲೋಳೆಯ ಎಳೆಗಳ ಸಮೇತ. ನೀರು ಗಂಟಲಿಗೆ ಇಳಿದರೆ ಹಣೆ ಮೇಲಾಗಿದೆ ಎಂದರ್ಥ, ಸ್ವಲ್ಪ ತಗ್ಗಿಸಿ, ಬಾಯಿಗೆ ಬಂದದ್ದನ್ನು ಉಗಿಯಿರಿ. ಮೂಗು ಪೂರ್ತಿ ಕಟ್ಟಿದ್ದರೆ ಒತ್ತಾಯ ಬೇಡ. ಬಿಸಿನೀರಿನ ಸ್ನಾನ ಮಾಡಿ ಬಂದು ಮತ್ತೆ ನೋಡಿ.

4. ಇನ್ನೊಂದು ಹೊಳ್ಳೆಗೂ ಹಾಗೇ. ಮುಗಿದ ಮೇಲೆ ಬಗ್ಗಿಯೇ ಇದ್ದು ಮೆಲ್ಲಗೆ ಮೂಗು ಸೀಟಿ. ಎರಡೂ ಹೊಳ್ಳೆ ಅದುಮಿ ಜೋರಾಗಿ ಸೀಟಿದರೆ ಒತ್ತಡ ಕಿವಿಗೆ ಹೋಗುತ್ತದೆ. ಒಳಗೆ ಉಳಿದ ನೀರು ಆಮೇಲೂ ಇಳಿಯುತ್ತಿರುತ್ತದೆ, ಹಾಗಾಗಿ ತೊಳೆದ ತಕ್ಷಣ ಮಲಗಬೇಡಿ. ಪಾತ್ರೆ ತೊಳೆದು ಒಣಗಿಸಿಡಿ. ಕಿವಿ ನೋವಿದ್ದರೆ, ಮೂಗಿನ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.

ಇಷ್ಟೆಲ್ಲ ಯಾಕೆ, ಸ್ಪ್ರೇ ಇದೆಯಲ್ವಾ ಅನ್ನುವವರಿಗೆ: ಆಕ್ಸಿಮೆಟಾಜೊಲಿನ್, ಕ್ಸೈಲೊಮೆಟಾಜೊಲಿನ್ ಇರುವ ಸ್ಪ್ರೇ ಮೂಗನ್ನು ನಿಮಿಷಗಳಲ್ಲಿ ಬಿಡಿಸುತ್ತದೆ. ಆದರೆ 3 ದಿನ ದಾಟಿಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳಬಹುದು, ಮತ್ತೆ ಸ್ಪ್ರೇನೇ ಬೇಕಾಗುತ್ತದೆ. ಮೆಂಥಾಲ್ ಮುಲಾಮು ಇನ್ನೊಂದು ಕಥೆ. ಅದು ಮೂಗನ್ನು ತೆರೆಯುವುದಿಲ್ಲ, ತಂಪಿನ ನರಗಳನ್ನು ಕೆಣಕಿ ತೆರೆದಂತೆ ಅನ್ನಿಸುತ್ತದೆ, ಅಷ್ಟೇ. ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ.

ಗಂಟಲಿಗೆ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಕೆಮ್ಮಿಗೆ ರಾತ್ರಿ ಒಂದು ಚಮಚ ಜೇನು ಒಳ್ಳೆಯದು, ಆದರೆ ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೂಬಾರದು, ಬೊಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ನರಗಳು ಸೋಲುವ ಕಾಯಿಲೆ) ಅಪಾಯವಿದೆ. ಕುದಿನೀರಿನ ಪಾತ್ರೆಗೆ ಮುಖವೊಡ್ಡಿ ಹಬೆ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಮಕ್ಕಳಿಗಂತೂ ಖಂಡಿತ ಬೇಡ. ಪಾತ್ರೆ ಮಗುಚಿದರೆ ನೆಗಡಿಗಿಂತ ಸುಟ್ಟಗಾಯ ದೊಡ್ಡದಾಗುತ್ತದೆ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಜೊತೆಗೆ ನೆಗಡಿ ಮಾತ್ರೆ ತೆಗೆದುಕೊಳ್ಳುವ ಮುಂಚೆ ಚೀಟಿ ಓದಿ, ಅದರಲ್ಲೂ ಪ್ಯಾರಾಸಿಟಮಾಲ್ ಇರುವುದೇ ಹೆಚ್ಚು.

ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜ್ವರ 3 ದಿನ ದಾಟಿದರೆ, 10 ದಿನವಾದರೂ ನೆಗಡಿ ಇಳಿಯದಿದ್ದರೆ, ಕಡಿಮೆಯಾದದ್ದು ಮತ್ತೆ ಜೋರಾದರೆ ಡಾಕ್ಟರಿಗೆ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅದೇ ದಿನ ತೋರಿಸಬೇಕು.