ಅರಳು ಮರಳು ಅಂತ ಕೈ ಬಿಡುವ ಮುಂಚೆ ನಾವು ನೀವು ಮಾಡಬಹುದಾದ ಕೆಲಸ

ನಮ್ಮ ಕೋಲಾರದ ಕಡೆ ವಯಸ್ಸಾದವರಿಗೆ ಮರೆವು ಬಂದರೆ "ಅರವತ್ತಕ್ಕೆ ಅರಳು ಮರಳು" ಅಂತ ಹೇಳಿ ಸುಮ್ನಾಗುತ್ತಾರೆ. ಅದು ಆಲ್ಝೈಮರ್ಸ್ ಅನ್ನುವ ಮೆದುಳಿನ ಕಾಯಿಲೆ ಅಂತ ಗೊತ್ತಾದ ಮೇಲೂ "ನಾವೇನು ಡಾಕ್ಟರಾ, ನಮ್ಮಿಂದ ಏನಾಗುತ್ತೆ" ಅನ್ನುವವರೇ ಜಾಸ್ತಿ. ಆಗುತ್ತದೆ. ದುಡ್ಡಿನ ಮಾತು ಆಮೇಲೆ, ಮೊದಲು ನಿಮ್ಮ ಸಂಜೆ ಕೊಡಿ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಐವತ್ತು ವರ್ಷದಿಂದ ಅದೇ ಮನೆಯಲ್ಲಿದ್ದರೂ ಸಂಜೆ ಆದರೆ ಸಾಕು, ಸೆರಗು ಸಿಕ್ಕಿಸಿಕೊಂಡು "ಹೊತ್ತಾಯ್ತು, ಮನೆಗೆ ಹೋಗ್ತೀನಿ" ಅಂತ ಬಾಗಿಲಿಗೆ ಬರುತ್ತಾರೆ, ಸೊಸೆ ಹಾಲು ಕರೆದು ಡೈರಿಗೆ ಹಾಕಬೇಕಾದ್ದೂ ಅದೇ ಹೊತ್ತಿಗೆ. ಈ ಕಾಯಿಲೆಯಲ್ಲಿ ಸಂಜೆ ಹೊತ್ತು ಗಲಿಬಿಲಿ ಹೆಚ್ಚುವುದುಂಟು. "ಇದೇ ನಿಮ್ಮ ಮನೆ ಅಲ್ವಾ" ಅಂತ ನಾನು ವಾದ ಮಾಡಿದೆ, ಅವರು ಅತ್ತುಬಿಟ್ಟರು. ಈಗ "ಕಾಫಿ ಕುಡಿದು ಹೋಗೋಣ ಅಜ್ಜಿ" ಅನ್ನುತ್ತೇನೆ. ಒಂದು ಮೊರ ಅವರೆಕಾಯಿ ಮುಂದಿಡುತ್ತೇನೆ. ನನ್ನ ಹೆಸರು ಅವರಿಗೆ ಗೊತ್ತಿಲ್ಲ, ಹುಳುಕು ಕಾಯಿ ಮಾತ್ರ ತಪ್ಪದೆ ಪಕ್ಕಕ್ಕಿಡುತ್ತಾರೆ.

"ಏನಾದ್ರೂ ಬೇಕಿದ್ರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಮಂಗಳವಾರ, ಶುಕ್ರವಾರ ನಾನು ಬರ್ತೀನಿ" ಅನ್ನಿ, ಹೋಗಿ. ಬೀದಿ ಅಂಗಡಿಯವರಿಗೆ, ಆಟೋದವರಿಗೆ ವಿಷಯ ತಿಳಿಸಿಡಿ. ದಾರಿ ತಪ್ಪಿದರೆ ಮೊದಲು ನೋಡುವವರು ಅವರೇ.

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಬೇರೆ. ನಲವತ್ತು ವರ್ಷ ಮುದ್ದೆ ಮಾಡಿದವರು ಎಸರಿಗೆ ಹಿಟ್ಟು ಯಾವಾಗ ಹಾಕಬೇಕು ಅಂತ ತಡವರಿಸುವುದು ಬೇರೆ. ಹಾಗೆ ಕಂಡರೆ ಜಿಲ್ಲಾ ಆಸ್ಪತ್ರೆಗೆ ಜೊತೆಗೆ ಹೋಗಿ. ನಿಮ್ಹಾನ್ಸ್ ಮತ್ತು ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆ ಮೊದಲು ಬಂದ ಕಡೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರವೂ ಇವೆ. ಬಿ12 ವಿಟಮಿನ್ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರಬಹುದು, ಅದಕ್ಕೆ ಔಷಧಿ ಇದೆ. ಯಾವಾಗಿಂದ ಶುರುವಾಯಿತು, ಯಾವ ಮಾತ್ರೆ ನುಂಗುತ್ತಿದ್ದಾರೆ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇನ್ನು ಸಂಶೋಧನೆ. ಶ್ರೀನಿವಾಸಪುರ ಅಂದರೆ ಎಲ್ಲರಿಗೂ ಮಾವು ನೆನಪಾಗುತ್ತದೆ, ಆದರೆ ಬೆಂಗಳೂರಿನ ಐಐಎಸ್ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 2018ರಿಂದ ಈ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ರಕ್ತ, ನೆನಪಿನ ಶಕ್ತಿ, ಮೆದುಳಿನ ಸ್ಕ್ಯಾನ್ ಎಲ್ಲ ನೋಡುತ್ತಾ ಬಂದಿದ್ದಾರೆ. 10,000 ಜನ ಅವರ ಗುರಿ. ಇಂಥ ಅಧ್ಯಯನಕ್ಕೆ ಗಟ್ಟಿಮುಟ್ಟಾಗಿರುವವರೇ ಬೇಕು, ಯಾಕೆಂದರೆ ಕಾಯಿಲೆ ಹೇಗೆ ಶುರುವಾಗುತ್ತದೆ ಅಂತ ತಿಳಿಯಬೇಕಾದರೆ ಶುರುವಾಗುವ ಮುಂಚಿನಿಂದಲೇ ನೋಡಬೇಕಲ್ಲ. ನಿಮ್ಮನ್ನು ಕೇಳಿದರೆ ಒಪ್ಪಿಗೆ ಪತ್ರ ಓದಿಸಿಕೊಂಡು ಸಹಿ ಹಾಕಿ. ಇಷ್ಟವಿಲ್ಲದಿದ್ದರೆ ಯಾವಾಗ ಬೇಕಾದರೂ ಬಿಡಬಹುದು, ಆದರೆ ಬರೀ ಸೋಮಾರಿತನಕ್ಕೆ ಮುಂದಿನ ಸುತ್ತಿನ ಪರೀಕ್ಷೆ ತಪ್ಪಿಸಬೇಡಿ. ಮನೆಮಾತು ತೆಲುಗಾದರೆ ಮೊದಲೇ ಹೇಳಿ, ಪ್ರಶ್ನೆ ಅರ್ಥವಾಗಬೇಕಲ್ಲ. ನೆನಪಿನ ಶಕ್ತಿ ನೋಡುವಾಗ ಅಪ್ಪನ ಪಕ್ಕ ಕೂತು "ಇವತ್ತು ಬುಧವಾರ ಅನ್ನಪ್ಪಾ" ಅಂತ ಉತ್ತರ ಹೇಳಿಕೊಡಬೇಡಿ, ಅದೇನು ಎಸ್ಸೆಸ್ಸೆಲ್ಸಿ ಪರೀಕ್ಷೆ ಅಲ್ಲ.

ಸತ್ತ ಮೇಲೆ ಮೆದುಳನ್ನೂ ದಾನ ಮಾಡಬಹುದು. ನಿಮ್ಹಾನ್ಸ್‌ನಲ್ಲಿ 1995ರಿಂದ ಬ್ರೈನ್ ಬ್ಯಾಂಕ್ ಇದೆ, ಅಂದರೆ ಸಂಶೋಧನೆಗೆ ಅಂತ ಮೆದುಳನ್ನು ಕಾಪಾಡಿ ಇಡುವ ಜಾಗ. ಬದುಕಿದ್ದಾಗ ನೀವು ಬರೆದುಕೊಟ್ಟರೆ ಸಾಲದು, ಆ ಹೊತ್ತಿಗೆ ಮನೆಯವರು ಒಪ್ಪಬೇಕು, ಬೇಗ ತಿಳಿಸಬೇಕು. ಹಾಗಾಗಿ ಮುಂಚೆಯೇ ಹೇಳಿಡಿ. ನಾನು ಹೇಳಿದಾಗ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು, ಮೂರನೇ ದಿನ "ಯಾವ ನಂಬರಿಗೆ ಫೋನ್ ಮಾಡಬೇಕು ಬರೆದಿಡು" ಅಂದರು.

ಇಂಥ ಸಂಸ್ಥೆಗಳಿಗೆ ದುಡ್ಡು ಕೊಡುವುದಾದರೆ ತೆರಿಗೆ ವಿನಾಯಿತಿಗೆ ಬೇಕಾದ ರಸೀದಿ ಕೇಳಿ, ಯಾವ ಕೆಲಸಕ್ಕೆ ಹೋಗುತ್ತದೆ ಅಂತಲೂ ಕೇಳಿ. ಅಷ್ಟು ದೂರ ಯಾಕೆ ಅನ್ನಿಸಿದರೆ, ದೊಡ್ಡವರ ಡೈಪರ್ ಒಂದು ಪ್ಯಾಕ್‌ಗೆ ಎಷ್ಟಾಗುತ್ತದೆ ಅಂತ ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿ ನೋಡಿ. ನಮ್ಮ ಬೀದಿಯ ನಾಲ್ಕು ಮನೆಯವರು ಆ ಅಜ್ಜಿಗೆ ತಿಂಗಳಿಗೊಬ್ಬರಂತೆ ತಂದುಕೊಡುತ್ತೇವೆ.