ನಾಮಕರಣಕ್ಕೆ ಹೊರಟವರ ಹಾಗೆ ಬನ್ನಿ: ನಮ್ಮ ಕೂಟದ ಉಡುಗೆ ನಿಯಮ ಕೊನೆಗೂ ನೆಲೆ ನಿಂತ ಕಥೆ

ಹೋದ ತಿಂಗಳು ನಮ್ಮ ಹನ್ನೊಂದನೇ ಕೂಟ ಮುಗಿಯಿತು. ಬಂದವರು ಇಪ್ಪತ್ತೊಂದೋ ಇಪ್ಪತ್ತೆರಡೋ ಜನ. ಎಲ್ಲರೂ ಗಂಡಸರು, ಎಲ್ಲರೂ ಹೆಂಗಸರ ಉಡುಗೆಯಲ್ಲಿ. ಸಂಜೆ ಹೊರಡುವಾಗ ಹೋಮ್‌ಸ್ಟೇ ನಡೆಸುವ ಅಮ್ಮ ಬಂದು, 'ಮುಂದಿನ ಸಲ ಸ್ವಲ್ಪ ಮುಂಚೆ ಹೇಳಿ ಸಾರ್, ಒಬ್ಬಟ್ಟು ಮಾಡಿಸ್ತೀನಿ' ಅಂದರು. ಐದಾರು ವರ್ಷದ ಹಿಂದೆ 'ನಿಯಮ ಗಿಯಮ ಅಂತ ಹೊರಟರೆ ಮೂರು ಜನಾನೂ ಬರಲ್ಲ, ನೋಡ್ತಿರು' ಅಂತ ನನ್ನನ್ನು ನಗಾಡಿದವರು ಅಲ್ಲೇ ಪಕ್ಕದಲ್ಲಿ ಸೆರಗು ಸರಿ ಮಾಡಿಕೊಳ್ಳುತ್ತಾ ನಿಂತಿದ್ದರು. ನಾನು ಏನೂ ಅನ್ನಲಿಲ್ಲ. ಸುಮ್ನೆ ಅವರ ಕಡೆ ಒಮ್ಮೆ ನೋಡಿದೆ, ಅಷ್ಟೇ.

ನಮ್ಮ ಮೊದಲ ಕೂಟ 2018ರ ಕೊನೆಯಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅನ್ನುವ ಸುಪ್ರೀಂ ಕೋರ್ಟಿನ 377ರ ತೀರ್ಪು ಬಂದಿತ್ತು. ಅದಕ್ಕೂ ಸೀರೆ ಉಡುವುದಕ್ಕೂ ನೇರ ಸಂಬಂಧ ಇಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೆಂಡತಿ ಮಕ್ಕಳಿರುವವರು. ಆದರೂ ಗಾಳಿಯಲ್ಲೇ ಒಂಥರಾ ಧೈರ್ಯ ಇತ್ತು. ಬೆಂಗಳೂರಿನ ಹೊರಗಡೆ ಒಂದು ಹೋಟೆಲಿನ ಮಹಡಿ ಹಾಲ್ ಹಿಡಿದೆವು. ಒಂಬತ್ತು ಜನ. ಉಡುಗೆ ಬಗ್ಗೆ ಯಾರಿಗೂ ಏನೂ ಹೇಳಿರಲಿಲ್ಲ. ಒಬ್ಬರು ಮಿರಮಿರ ಮಿಂಚುವ ಗಿಡ್ಡ ಫ್ರಾಕಿನಲ್ಲಿ ಬಂದರು. ಇನ್ನೊಬ್ಬರು ಬಾಡಿಗೆ ಒಡವೆ ಹೇರಿಕೊಂಡು ಪೂರ್ತಿ ಮದುಮಗಳು. ನಾನೇನು ಕಮ್ಮಿ ಇರಲಿಲ್ಲ, ಬೆನ್ನಿಗೆ ಬರೀ ದಾರ ಇರುವ ಬ್ಲೌಸು ಹಾಕಿದ್ದೆ. ಸರ್ವರ್ ಹುಡುಗರು ಬಾಗಿಲ ಸಂದಿಯಿಂದ ಫೋನ್ ಹಿಡಿದು ತೆಗೆಯೋಕೆ ಶುರು ಮಾಡಿದರು. ಮುಕ್ಕಾಲು ಗಂಟೆಯಲ್ಲಿ ಮ್ಯಾನೇಜರ್ ಬಂದು, 'ಕೆಳಗೆ ಫ್ಯಾಮಿಲಿಯವರು ಕೂತಿದಾರೆ, ದಯವಿಟ್ಟು' ಅಂದ. ಆರು ಸಾವಿರ ಅಡ್ವಾನ್ಸ್ ಹೋಯಿತು, ಊಟವೂ ಇಲ್ಲ. ದಾರಿಯಲ್ಲಿ ಕಾರೊಳಗೆ ಕೂತು ಬನ್ ತಿಂದೆವು.

ಉಡುಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಸಂವಿಧಾನದ 19(1)(ಎ) ಕೆಳಗೆ ಬರುತ್ತೆ ಅಂತ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2014ರ ನಾಲ್ಸಾ ತೀರ್ಪಿನಲ್ಲೇ ಇದೆ. ನಮ್ಮಲ್ಲೊಬ್ಬರು ವಕೀಲರು, ಮೆಟ್ಟಿಲ ಮೇಲೆ ನಿಂತು ಅದನ್ನೇ ಹೇಳುತ್ತಿದ್ದರು. ತೀರ್ಪು ಅವರ ಕಡೆ ಇತ್ತು, ಹಾಲಿನ ಬೀಗದ ಕೈ ಮ್ಯಾನೇಜರ್ ಕಡೆ ಇತ್ತು.

ಎರಡನೇ ಸಲ ನಾನು ಬುದ್ಧಿವಂತ ಆದೆ. ಹದಿನೇಳು ಅಂಶದ ಪಟ್ಟಿ ಮಾಡಿ ಕಳಿಸಿದೆ. ತೋಳಿನ ಉದ್ದ, ಹಿಮ್ಮಡಿಯ ಎತ್ತರ, ಸ್ಕರ್ಟು ಮೊಣಕಾಲಿನಿಂದ ಎರಡು ಇಂಚು ಕೆಳಗೆ. 'ನಿಂತಾಗಲಾ, ಕೂತಾಗಲಾ?' ಅಂತ ಒಬ್ಬರು ಕೇಳಿದರು. ನಿಜವಾಗಿಯೂ ಕೇಳಿದರು, ತಮಾಷೆಗಲ್ಲ. ಬಂದವರು ಐದು ಜನ. ಅದರಲ್ಲಿ ಒಬ್ಬರು ನೈಟಿ ಹಾಕಿ, ಹೆಗಲ ಮೇಲೊಂದು ಟವೆಲ್ ಹೊದ್ದು ಬಂದರು. 'ನಮ್ಮ ಬೀದಿಯ ಹೆಂಗಸರೆಲ್ಲ ಹಾಲು ತರೋಕೆ ಹೀಗೇ ಹೋಗ್ತಾರೆ, ನಿಮ್ಮ ಪಟ್ಟಿಯಲ್ಲಿ ನೈಟಿ ಬೇಡ ಅಂತ ಎಲ್ಲಿದೆ?' ಅಂದರು. ಎಲ್ಲೂ ಇರಲಿಲ್ಲ. ಆ ರಾತ್ರಿ ಹದಿನೆಂಟನೇ ಅಂಶ ಸೇರಿಸಿದೆ. ಆಮೇಲೆ ಐನೂರು ರೂಪಾಯಿ ದಂಡ ಅಂತ ಮಾಡಿದೆ. ಒಬ್ಬರಿಂದ ವಸೂಲಿ ಕೂಡ ಮಾಡಿದೆ. ಅವರು ಮತ್ತೆ ಬರಲೇ ಇಲ್ಲ. ಆ ಐನೂರು ಇವತ್ತಿಗೂ ನನಗೆ ಚುಚ್ಚುತ್ತೆ.

ಮೂರನೇ ಪ್ರಯೋಗ ಇನ್ನೂ ದುಬಾರಿ. ಎಲ್ಲರೂ ಒಂದೇ ಹದದಲ್ಲಿ ಕಾಣಲಿ ಅಂತ ಮೇಕಪ್ ಮಾಡುವವರನ್ನು ಕರೆಸಿದೆ. ದಿನಕ್ಕೆ ಹನ್ನೆರಡು ಸಾವಿರ ಅಂತ ನೆನಪು. ಎಂಟು ಜನಕ್ಕೂ ಅದೇ ರಿಸೆಪ್ಷನ್ ಮುಖ, ಅದೇ ರೆಪ್ಪೆ, ಅದೇ ಕೆನ್ನೆ. ಸಂಜೆ ಅದನ್ನು ತೆಗೆಯೋಕೆ ಎರಡು ಗಂಟೆ. ಬ್ಯಾಂಕಿನವರೊಬ್ಬರ ಕಣ್ಣಂಚಿನ ಕಪ್ಪು ಸೋಮವಾರದವರೆಗೂ ಉಳಿದು, 'ಕಣ್ಣುಬೇನೆನಾ ಸಾರ್?' ಅಂತ ಕೌಂಟರಿನಲ್ಲಿ ಕೇಳಿದರಂತೆ. ಹೌದು ಅಂದು ಎರಡು ದಿನ ರಜೆ ಹಾಕಿದರು. ಈಗ ನಮ್ಮಲ್ಲಿ ಕೊಬ್ಬರಿ ಎಣ್ಣೆ, ಹತ್ತಿ, ಉಗುರುಬಣ್ಣ ತೆಗೆಯುವ ದ್ರಾವಣ, ಮೂರೂ ಬಚ್ಚಲಲ್ಲಿ ಕಾಯಂ. ರೆಪ್ಪೆಯ ಬುಡಕ್ಕೆ ಎಣ್ಣೆ ಹಚ್ಚಿ ಐದು ನಿಮಿಷ ಬಿಡಬೇಕು. ಉಜ್ಜೋಕೆ ಹೋದರೆ ಕೆಂಪಾಗಿ ಇನ್ನೂ ಎದ್ದು ಕಾಣುತ್ತೆ.

ಆಮೇಲೆ ಕೊರೋನಾ. ಎರಡು ವರ್ಷ ಏನೂ ಇಲ್ಲ.

ದಾರಿ ಸಿಕ್ಕಿದ್ದು ಕೇರಳದಲ್ಲಿ. ಕೊಲ್ಲಂ ಹತ್ತಿರ ಚವರ ಅನ್ನುವ ಊರಿದೆ. ಅಲ್ಲಿನ ಕೊಟ್ಟಂಕುಳಂಗರ ದೇವಿ ಗುಡಿಯಲ್ಲಿ ಪ್ರತಿ ಮಾರ್ಚ್ ಕೊನೆಗೆ ಚಮಯವಿಳಕ್ಕು ಹಬ್ಬ. ಗಂಡಸರು ಹೆಂಗಸರ ವೇಷ ತೊಟ್ಟು, ದೀಪ ಹಿಡಿದು ದೇವಿಗೆ ಹರಕೆ ಒಪ್ಪಿಸುತ್ತಾರೆ. ದನ ಕಾಯುವ ಹುಡುಗರು ಹುಡುಗಿಯರ ಹಾಗೆ ಉಟ್ಟು ಒಂದು ಕಲ್ಲಿಗೆ ಪೂಜೆ ಮಾಡಿದ್ದರಿಂದ ಇದು ಶುರುವಾಯಿತು ಅಂತ ಅಲ್ಲಿನವರು ಹೇಳುತ್ತಾರೆ. 2023ರಲ್ಲಿ ನಾನೂ ಇನ್ನಿಬ್ಬರೂ ಕನ್ಯಾಕುಮಾರಿ ರೈಲು ಹತ್ತಿ ಹೋದೆವು. ಗುಡಿಯ ಸುತ್ತ ಮೇಕಪ್ ಮಾಡುವವರ ಸಾಲು ಸಾಲು ಅಂಗಡಿ. ನಸುಕಿಗೆ ಮುಂಚಿನ ಆ ಹೊತ್ತಿನಲ್ಲಿ ಸಾವಿರಗಟ್ಟಲೆ ಜನ. ಮೀಸೆ ತೆಗೆಸಿದ ಅಪ್ಪ, ಪಕ್ಕದಲ್ಲಿ ಅವನ ಸೆರಗಿಗೆ ಪಿನ್ ಹಾಕುವ ಹೆಂಡತಿ, ಅಪ್ಪನ ಬ್ಯಾಗು ಹಿಡಿದ ಮಗಳು.

ನಾನು ಗಮನಿಸಿದ್ದು ಒಂದೇ. ಅಲ್ಲಿ ಉಡುಗೆ ನಿಯಮದ ಬೋರ್ಡು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೂ ಚಿನ್ನದಂಚಿನ ಕಸವು ಸೀರೆ, ಹೆಂಗಸರು ಎರಡು ತುಂಡಾಗಿ ಉಡುವ ಮುಂಡು, ಹುಡುಗರಾದರೆ ಪಾವಾಡೆ ಅಂದರೆ ಉದ್ದ ಲಂಗ, ಎಲ್ಲ ಒಂದು ಹದದಲ್ಲಿತ್ತು. ಯಾಕಂದ್ರೆ ಎಲ್ಲರಿಗೂ ತಾವು ಎಲ್ಲಿಗೆ ಬಂದಿದ್ದೇವೆ ಅಂತ ಗೊತ್ತು. ನಮ್ಮ ಕೂಟದವರಿಗೆ ಅದೇ ಗೊತ್ತಿರಲಿಲ್ಲ. ಪಾರ್ಟಿಯಾ, ನಾಟಕವಾ, ಮದುವೆಯಾ? ಒಬ್ಬೊಬ್ಬರೂ ಒಂದೊಂದು ಅಂದುಕೊಂಡು ಉಟ್ಟು ಬರುತ್ತಿದ್ದರು.

ವಾಪಸ್ ಬರುವಾಗ ಮೇಲಿನ ಬರ್ತಿನಲ್ಲಿ ಮಲಗಿ ಒಂದು ಸಾಲು ಬರೆದೆ. 'ಬೀಗರ ಮನೆಯ ನಾಮಕರಣಕ್ಕೆ ಹೊರಟ ಹೆಂಗಸಿನ ಹಾಗೆ, ನಿಮ್ಮ ವಯಸ್ಸಿಗೆ ತಕ್ಕಂತೆ ಉಟ್ಟು ಬನ್ನಿ.' ಮನೆಗೆ ಬಂದು ನಮ್ಮವಳಿಗೆ ತೋರಿಸಿದೆ. ಅವಳಿಗೆ ನನ್ನ ವಿಷಯ ಮದುವೆಯಾದ ನಾಲ್ಕನೇ ವರ್ಷದಿಂದ ಗೊತ್ತು. ಓದಿ, 'ಇಷ್ಟು ಸಾಕಲ್ವಾ? ಆ ಹದಿನೆಂಟು ಯಾಕೆ ಬರೆದಿದ್ರಿ?' ಅಂದಳು.

ನಾಮಕರಣ ಯಾಕೆ ಅಂದರೆ, ಮದುವೆ ಅಂದರೆ ಎಲ್ಲರೂ ಮದುಮಗಳೇ ಆಗುತ್ತಾರೆ. ಕಿಟಿ ಪಾರ್ಟಿ ಅಂದರೆ ಅರ್ಧ ಜನಕ್ಕೆ ಅದನ್ನು ನೋಡಿಯೇ ಗೊತ್ತಿಲ್ಲ. ನಾಮಕರಣ ಹಾಗಲ್ಲ. ಅಲ್ಲಿ ಕೂರಬೇಕು, ಬಗ್ಗಬೇಕು, ತೊಟ್ಟಿಲು ತೂಗಬೇಕು, ಎಲೆ ಮುಂದೆ ಕೂತು ಉಣ್ಣಬೇಕು. ಬೀಗರ ಮನೆ ಅಂದಮೇಲೆ ಹಗುರವಾಗಿ ಕಾಣಬಾರದು, ಅತಿ ಕೂಡ ಆಗಬಾರದು. ಅಮ್ಮ, ಅತ್ತೆ, ಅಕ್ಕ ಇಂಥದ್ದಕ್ಕೆ ಹೊರಟಿದ್ದನ್ನು ನಾವೆಲ್ಲ ಬಾಗಿಲ ಸಂದಿಯಲ್ಲಿ ನಿಂತು ನೋಡಿದವರೇ ಅಲ್ವಾ? ನೋಡಿದ್ದು ಸ್ವಲ್ಪ ಜಾಸ್ತಿಯೇ. ಜೀನ್ಸ್ ಮೇಲೆ ಕುರ್ತಿ ಹಾಕಿ ನಾಮಕರಣಕ್ಕೆ ಬರುವ ಹುಡುಗಿಯರೂ ಇದ್ದಾರೆ, ಸರಿ, ಅದೂ ನಡೆಯುತ್ತೆ. ಚೂಡಿದಾರಕ್ಕೆ ದುಪಟ್ಟಾ ಬೇಕಾ ಅಂತ ನನ್ನನ್ನು ಕೇಳಬೇಡಿ, ನಿಮ್ಮ ಬೀಗರನ್ನು ಕೇಳಿ.

ಜಗಳ ಆಗಿದ್ದು 'ವಯಸ್ಸಿಗೆ ತಕ್ಕಂತೆ' ಅನ್ನುವ ಮಾತಿಗೆ. ತುಮಕೂರು ಕಡೆಯ ಒಬ್ಬರು, ಐವತ್ತು ದಾಟಿದವರು, ಫೋನ್ ಮಾಡಿ ಲಂಗ ದಾವಣಿ ಹಾಕಬೇಕು ಅಂದರು. ನಾನು ನಿಯಮ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಕ್ಕಾ, ನಂಗೆ ಹದಿನಾರು ಇದ್ದಾಗ ಹಾಕೋಕ್ಕಾಗಲಿಲ್ಲ. ಈಗ ವಯಸ್ಸಾಯ್ತು ಅಂತೀರಿ. ಮತ್ತೆ ಯಾವಾಗ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ದಿನ ತಲೆಯಲ್ಲಿ ಅದೇ ಓಡುತ್ತಿತ್ತು.

ಅದರಿಂದ ಹುಟ್ಟಿದ್ದು ನಮ್ಮ 'ಚೌಕಿ'. ನಾನು ಕರಾವಳಿಯವನು. ಯಕ್ಷಗಾನದಲ್ಲಿ ವೇಷ ಕಟ್ಟುವ ಜಾಗಕ್ಕೆ ಚೌಕಿ ಅನ್ನುತ್ತಾರೆ. ಚಿಕ್ಕಂದಿನಲ್ಲಿ ಸ್ತ್ರೀವೇಷದವರು ಮೀಸೆ ಇಲ್ಲದ ಮುಖಕ್ಕೆ ಬಣ್ಣ ಹಚ್ಚುವುದನ್ನು ನೋಡೋಕೆ ಅಂತಲೇ ಚೌಕಿಯ ಹಿಂದೆ ಸುಳಿಯುತ್ತಿದ್ದೆ. ಮಂಟಪ ಪ್ರಭಾಕರ ಉಪಾಧ್ಯರಂಥವರ ಸ್ತ್ರೀವೇಷ ನೋಡಿದವರಿಗೆ ಗೊತ್ತು, ಹೆಣ್ಣು ಬರುವುದು ಬಟ್ಟೆಯಿಂದಲ್ಲ, ಕತ್ತು ತಿರುಗಿಸುವ ರೀತಿಯಿಂದ. ಇರಲಿ. ಹೋಮ್‌ಸ್ಟೇಯ ಒಂದು ದೊಡ್ಡ ಕೋಣೆ ಚೌಕಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಅದರೊಳಗೆ ಯಾರು ಏನು ಬೇಕಾದರೂ ಹಾಕಬಹುದು. ಫ್ರಾಕು, ಘಾಗ್ರಾ, ಮದುಮಗಳ ಸೀರೆ, ನೈಟಿ ಟವೆಲ್ ಸಮೇತ. ಫೋನುಗಳು ಹೊರಗೆ ಸ್ಟೀಲ್ ಡಬ್ಬಿಯಲ್ಲಿ. ಐದಕ್ಕೆ ನಾಮಕರಣದ ಉಡುಗೆಗೆ ಬದಲಾಗಿ ಅಂಗಳಕ್ಕೆ ಬರಬೇಕು. ತುಮಕೂರಿನವರು ಹಸಿರು ಲಂಗ, ಹಳದಿ ದಾವಣಿ, ಎರಡು ಜಡೆ ಹಾಕಿ ಮೂರು ಗಂಟೆ ಕಿಟಕಿ ಪಕ್ಕ ಕೂತಿದ್ದರು. ಹೆಚ್ಚು ಮಾತಾಡಲಿಲ್ಲ. ಐದಕ್ಕೆ ಯಾರೂ ಹೇಳದೆಯೇ ಎದ್ದು ಮೈಸೂರು ಸಿಲ್ಕ್ ಉಟ್ಟು ಬಂದರು. ಆಮೇಲೆ ಒಂದು ಕೂಟವನ್ನೂ ಅವರು ತಪ್ಪಿಸಿಲ್ಲ.

ಉಳಿದ ಸಾಮಾನ್ಯ ಬುದ್ಧಿಯ ಮಾತು ಬೇಗ ಹೇಳಿಬಿಡುತ್ತೇನೆ. ಬರುವಾಗ ಪ್ಯಾಂಟ್ ಶರ್ಟಿನಲ್ಲೇ ಬನ್ನಿ, ಅಲ್ಲೇ ಬದಲಾಯಿಸಿ. ಯಾವ ಹೆಸರಲ್ಲಿ ಕರೆಯಿರಿ ಅಂತಾರೋ ಅದೇ ಹೆಸರು. ಕೇಳದೆ ಮುಟ್ಟಬೇಡಿ, ಸೆರಗು ಸರಿ ಮಾಡೋಕೂ ಸಹ. 'ಮನೇಲಿ ಗೊತ್ತಾ?' ಅಂತ ಮೊದಲ ದಿನವೇ ಕೇಳಬೇಡಿ. ಸೆಂಟು ಒಬ್ಬರಿಗೆ ಒಂದು ಸಲ ಸಾಕು, ಇಪ್ಪತ್ತು ಜನ ಸೇರಿದರೆ ತಲೆನೋವು ಬರುತ್ತೆ.

ಬ್ಲೌಸಿನ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಹದ ಕೆಡುವುದು ಅಲ್ಲೇ. ರೆಡಿಮೇಡ್ ಬ್ಲೌಸಿನ ಎದೆ ಅಳತೆ 42 ಸಿಕ್ಕರೂ ಭುಜ ನಮ್ಮದಲ್ಲ. ಕಂಕುಳಲ್ಲಿ ಹಿಡಿದು, ಕೈ ಎತ್ತಿದರೆ ಸೊಂಟದಿಂದ ಒಂದು ಗೇಣು ಮೇಲೇರುತ್ತೆ. ನಾನು ನಾಲ್ಕು ಹಾಳು ಮಾಡಿದೆ, ಎರಡೂವರೆ ಸಾವಿರ ಹೋಗಿರಬಹುದು. ಈಗ ಭುಜ 17 ಇಂಚು ಹಿಡಿದು, ಕಂಕುಳ ಸುತ್ತು ಸಡಿಲ ಬಿಟ್ಟು, ಮುಕ್ಕಾಲು ತೋಳು, ಬೋಟ್ ನೆಕ್ ಹೊಲಿಸುತ್ತೇನೆ. ಲೈನಿಂಗ್ ಸೇರಿ ಏಳುನೂರು ಚಿಲ್ಲರೆ. ಉಬ್ಬಿದ ತೋಳೂ ಮುಚ್ಚುತ್ತೆ, ಎದೆಯ ಕೂದಲಿನ ಚಿಂತೆಯೂ ಇಲ್ಲ. ಟೈಲರ್ ಯಾರು ಅಂತ ಹೇಳಲ್ಲ. ಅವರಿಗೆ ಈಗಲೇ ಕೈತುಂಬ ಕೆಲಸ, ನನ್ನದೇ ಎರಡು ಬ್ಲೌಸು ಬಾಕಿ ಇದೆ. ಒಳಲಂಗ ಕೂಡ ಹೊಲಿಸಿಯೇ ಹಾಕಿ. ಅಂಗಡಿಯದ್ದು ನಮ್ಮ ಎತ್ತರಕ್ಕೆ ಗಿಡ್ಡ, ಕೂತರೆ ಕಾಲಿನ ಕೂದಲು ಕಾಣುತ್ತೆ. ಲಾಡಿಯನ್ನು ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ ಕಟ್ಟಿದರೆ ಸೀರೆಯ ಅಂಚು ನೆಲ ಮುಟ್ಟುತ್ತೆ. ನೆರಿಗೆ ಇಡೀ ದಿನ ಬಿಚ್ಚದ ಹಾಗೆ ನಮ್ಮವಳು ಒಂದು ಉಪಾಯ ಕಲಿಸಿಕೊಟ್ಟಿದ್ದಾಳೆ. ಅದನ್ನು ಕೂಟಕ್ಕೆ ಬಂದವರಿಗೆ ಮಾತ್ರ ಹೇಳುತ್ತೇನೆ.

ಎದೆಗೆ ಏನು ತುಂಬುವುದು ಅನ್ನುವುದರಲ್ಲಿ ಒಂದು ಬೇಸಿಗೆ ಪೂರ್ತಿ ಕಳೆದಿದ್ದೇನೆ. ಆನ್‌ಲೈನಿನಲ್ಲಿ ಸಿಲಿಕೋನ್ ತರಿಸಿದೆ, ಎರಡು ಸಾವಿರದ ಎಂಟುನೂರೋ ಏನೋ. ಏಪ್ರಿಲ್‌ನಲ್ಲಿ ಬಿಸಿ ತಟ್ಟೆ ಕಟ್ಟಿಕೊಂಡ ಹಾಗೆ ಆಗುತ್ತೆ. ಅಕ್ಕಿ ಗಟ್ಟಿ. ಕಾಲುಚೀಲದಲ್ಲಿ ರಾಗಿ ತುಂಬಿದೆ, ಭಾರ, ಅಲುಗಾಟ ಎಲ್ಲ ಸರಿಯಾಗೇ ಇತ್ತು. ಆದರೆ ಅಂಗಳದಲ್ಲಿ ಅಂತ್ಯಾಕ್ಷರಿ ಆಡುವಾಗ ಹೊಲಿಗೆ ಬಿಟ್ಟು ನಾನು ನಡೆದಲ್ಲೆಲ್ಲ ರಾಗಿ. ಹೋಮ್‌ಸ್ಟೇಯ ಕೋಳಿಗಳು ಹಿಂದೆ ಹಿಂದೆ. ಈಗ ಬೇಳೆ ಚೀಲದ ದಪ್ಪ ಬಟ್ಟೆಯಲ್ಲಿ ಸಾಸಿವೆ, ಒಂದು ಕಡೆಗೆ ಸುಮಾರು ಮುನ್ನೂರು ಗ್ರಾಂ, ಎರಡು ಸುತ್ತು ಹೊಲಿಗೆ.

ಗಡ್ಡದ ನೀಲಿ ಛಾಯೆ ಮುಚ್ಚೋಕೆ ಫೌಂಡೇಶನ್ ಕೆಳಗೆ ತೆಳುವಾಗಿ ಕಿತ್ತಳೆ ಲಿಪ್‌ಸ್ಟಿಕ್ ಅಂತ ಎಲ್ಲರಿಗೂ ಗೊತ್ತು. ಎಷ್ಟು ತೆಳು ಅನ್ನುವುದರಲ್ಲೇ ಎಲ್ಲ ಇದೆ.

ದುಡ್ಡಿನ ಲೆಕ್ಕ ಹೀಗೆ. ಕನಕಪುರ ರಸ್ತೆ ಕಡೆ ಪೂರ್ತಿ ಮನೆ ದಿನಕ್ಕೆ ಹದಿನಾಲ್ಕು ಸಾವಿರದ ಹತ್ತಿರ. ಊಟ, ಕಾಫಿ ಸೇರಿ ತಲೆಗೆ ಮುನ್ನೂರೈವತ್ತು. ಇಪ್ಪತ್ತು ಜನ ಬಂದರೆ ಒಬ್ಬರಿಗೆ ಸಾವಿರದ ಐವತ್ತರ ಹತ್ತಿರ ಬೀಳುತ್ತೆ. ಕೆಲಸ ಇಲ್ಲದ ಹುಡುಗರಿಗೆ ಅರ್ಧ, ಉಳಿದದ್ದು ಸಂಬಳದವರು ಹಂಚಿಕೊಳ್ಳುತ್ತೇವೆ. ಹತ್ತಕ್ಕಿಂತ ಕಮ್ಮಿ ಬಂದರೆ ನನ್ನ ಜೇಬಿಗೆ ಕತ್ತರಿ, ಎರಡು ಸಲ ಆಗಿದೆ.

ಮನೆ ಹಿಡಿಯುವಾಗ ಮೊದಲು ನಾನು 'ಆಫೀಸ್ ನಾಟಕದ ರಿಹರ್ಸಲ್' ಅಂತ ಸುಳ್ಳು ಹೇಳುತ್ತಿದ್ದೆ. ಒಂದು ಕಡೆ ಮಾಲೀಕರು 'ನಾವೂ ನೋಡ್ತೀವಿ' ಅಂತ ಕುರ್ಚಿ ಹಾಕಿ ಕೂತುಬಿಟ್ಟರು! ಈಗ ಫೋನಿನಲ್ಲೇ ನಿಜ ಹೇಳುತ್ತೇನೆ, ಅದೂ ಮನೆಯ ಹೆಂಗಸರ ಹತ್ತಿರವೇ. ಎರಡೇ ವಾಕ್ಯ. ಅವನ್ನು ಇಲ್ಲಿ ಬರೆಯಲ್ಲ. ಬರೆದರೆ ನಾಳೆ ನೀವೆಲ್ಲ ಅವನ್ನೇ ಹೇಳಿ ಸವೆಸಿಬಿಡುತ್ತೀರಿ. ಏಳು ಕಡೆ ಹೇಳಿದ್ದೇನೆ, ಮೂವರು ಫೋನ್ ಇಟ್ಟರು, ನಾಲ್ವರು ಒಪ್ಪಿದರು.

ಮುಂದಿನ ಕೂಟ ಡಿಸೆಂಬರ್‌ನಲ್ಲಿ. ಸೀರೆ ಮೇಲೆ ಸ್ವೆಟರ್ ಹಾಕಬಹುದಾ ಅಂತ ಆಗಲೇ ಇಬ್ಬರು ಕೇಳಿದ್ದಾರೆ. ಚಳಿಗಾಲದ ನಾಮಕರಣಕ್ಕೆ ನಿಮ್ಮಮ್ಮ ಹೇಗೆ ಹೋಗಿದ್ದರು, ನೆನಪು ಮಾಡಿಕೊಳ್ಳಿ ಅಂದೆ. 'ಅಪ್ಪನ ಸ್ವೆಟರ್ ಹಾಕ್ಕೊಂಡು' ಅಂದರು ಒಬ್ಬರು.